ಸಿನ್ನಕ್ಕ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಹರಾಜಿನ ಹೊತ್ತಿಗೆ, ಮೊದಲ ಸಲ,
ನನ್ನ ಬಲಗೈ ಹೆಬ್ಬೆರಳು
ನನ್ನನ್ನು ಕೇಳದೆ ಎಣಿಸತೊಡಗಿತು.
ತೋರುಬೆರಳಿನ ಮೇಲೆ ಉರುಳಿಸಿ ಉರುಳಿಸಿ,
ಯಾರದೋ ಬಾಕಿ ಎಣಿಸುವ ಹಾಗೆ.
"ದಸ್ತಗೀರ್ ಸಾಬ್ರಿಗೆ ಇವತ್ತು ದುಡ್ಡು ಜಾಸ್ತಿ" ಎಂದು ನಕ್ಕರು.
ನಾನೂ ನಕ್ಕೆ. ಕೈ ಜೇಬಿಗಿಟ್ಟೆ.
ಜೇಬಿನಲ್ಲೂ ಅದು ಎಣಿಸುತ್ತಲೇ ಇತ್ತು.

ನಲವತ್ತೊಂದು ವರ್ಷ ಈ ಬೆರಳು
ಕುದಿನೀರಿನಲ್ಲಿ ತುದಿ ಹುಡುಕಿದೆ.
ಬೆಂದ ಗೂಡಿನ ಮೈ ಸವರಿದರೆ ಸಾಕು,
ಕಣ್ಣಿಗೆ ಕಾಣದ ಎಳೆ ಬೆರಳಿಗೆ ಸಿಗುತ್ತಿತ್ತು.
ಒಂದು ಕಡಿದರೆ ಚರಕ ನಿಲ್ಲಿಸದೆ
ಇನ್ನೊಂದನ್ನು ಎಸೆದು ಅಂಟಿಸುತ್ತಿದ್ದೆ.
ಈಗ ಎಸೆದ ಎಳೆ ಪಕ್ಕದ ಬೇಸಿನ್ನಿಗೆ ಬೀಳುತ್ತದೆ.
ಮುನಿರತ್ನಮ್ಮ ಏನೂ ಹೇಳದೆ ಅದನ್ನೆತ್ತಿ
ನನ್ನ ನೂಲಿಗೇ ಹಚ್ಚುತ್ತಾಳೆ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ಭಾನುರೇಖ
ಕೈ ಮಡಿಸಿದರು, ಬಿಡಿಸಿದರು, ನಡೆಸಿ ನೋಡಿದರು.
"ವಾಸನೆ ಯಾವಾಗ ಹೋಯಿತು?" ಎಂದರು.
ಬೆಂದ ಹುಳದ ನಾತ
ನಾಲ್ಕು ವರ್ಷದ ಹಿಂದೆಯೇ ನನಗೆ ನಿಂತಿತ್ತು.
ವರ ಎಂದುಕೊಂಡಿದ್ದೆ.

ಚೀಟಿಯ ಬೆನ್ನಿಗೆ ಚಿತ್ರ ಬರೆದರು:
ಎರಡು ಸಾಲು ಮಣಿ, ಮಣಿಗೆರಡು ಬಾಲ,
ತಲೆ ನೀರಿನ ಕಡೆ, ಬಾಲ ಒಳಗೊಳಗೆ.
"ಇದು ಜೀವಕೋಶದ ಪೊರೆ. ಜಿಡ್ಡಿನದು.
ಇದರ ಪಕ್ಕ ಓಡಾಡುವ ಪ್ರೋಟೀನು ಒಂದಿದೆ."
ಹೆಸರು ಹೇಳಿದರು. ಆಲ್ಫಾ ಏನೋ, ಸಿನ್ಯೂಕ್ಲಿ ಏನೋ.
ನನ್ನ ಬಾಯಲ್ಲಿ ಬಂದದ್ದು ಸಿನ್ನಕ್ಕ.
ಅವರು ತಿದ್ದಲಿಲ್ಲ.

ಸಿನ್ನಕ್ಕನಿಗೆ ಸ್ವಂತ ಆಕಾರವಿಲ್ಲವಂತೆ.
ನೀರಿನಲ್ಲಿ ಹೇಗೆಂದರೆ ಹಾಗೆ ಬಳುಕುತ್ತಾಳೆ.
ಪೊರೆ ತಾಕಿದ ಕೂಡಲೇ ಸುರುಳಿಯಾಗಿ
ಅದರ ಮೈಗೆ ಮೈ ಚಾಚಿ ಮಲಗುತ್ತಾಳೆ.
ಇದು ನನಗೆ ಗೊತ್ತು, ಡಾಕ್ಟರಮ್ಮಾ, ಎಂದೆ.
ನಾಲ್ಕು ಜ್ವರ ಕಳೆದು ಹಣ್ಣಾದ ಹುಳ
ಸೊಪ್ಪು ಮುಟ್ಟುವುದಿಲ್ಲ. ತಲೆಯೆತ್ತಿ
ಗಾಳಿ ಮೂಸುತ್ತ ಅಲೆಯುತ್ತದೆ.
ಚಂದ್ರಿಕೆಗೆ ಬಿಡಬೇಕು. ಬಿದಿರಿನ ಸುತ್ತು ತಾಕಿತೋ,
ಅಲ್ಲೇ ನಿಂತು ತಲೆಯನ್ನು ಅತ್ತ ಇತ್ತ ಆಡಿಸುತ್ತ
ಹೊಟ್ಟೆಯ ಅಂಟನ್ನು ದಾರ ಮಾಡುತ್ತದೆ.
ಆಸರೆ ಸಿಕ್ಕ ಮೇಲೇ ಆಕಾರ.

ಅವರು ಪೆನ್ನು ಕೆಳಗಿಟ್ಟರು.
"ರೇಷ್ಮೆಯೂ ಪ್ರೋಟೀನೇ, ಸಾಬ್ರೇ.
ಹುಳದೊಳಗೆ ನೀರಾಗಿದ್ದದ್ದು ಹೊರಬರುವಾಗ
ಮಡಿಕೆ ಮೇಲೆ ಮಡಿಕೆ ಕೂತು ಗಟ್ಟಿಯಾಗುತ್ತದಲ್ಲ,
ನಿಮ್ಮ ಸಿನ್ನಕ್ಕಂದಿರೂ ಕೆಲವೊಮ್ಮೆ
ಪೊರೆಯ ಮೇಲೆ ಗುಂಪುಗೂಡಿ
ಹೆಚ್ಚುಕಡಿಮೆ ಅದೇ ಮಡಿಕೆ ಕಲಿಯುತ್ತಾರೆ."

ಅಂದರೆ,
ನಲವತ್ತೊಂದು ವರ್ಷ ನಾನು ಬಿಚ್ಚಿದ್ದನ್ನು
ಯಾರೋ ನನ್ನ ತಲೆಯೊಳಗೆ ಕೂತು
ಮತ್ತೆ ಸುತ್ತುತ್ತಿದ್ದಾರೆ.

ಉದ್ದ ದಾರವಾದವರು ಅಷ್ಟು ಕೆಟ್ಟವರಲ್ಲವಂತೆ.
ಇನ್ನೂ ದಾರವಾಗದ ಪುಟ್ಟ ಗುಂಪು ಇದೆಯಲ್ಲ,
ಅದು ಪೊರೆಯನ್ನು ಕೊರೆಯುತ್ತದೆ.
ಹೊರಗಿನ ಸುಣ್ಣದಂಶ ಒಳಗೆ ನುಗ್ಗುತ್ತದೆ.
ಚಿಟ್ಟೆ ಕೊರೆದ ಗೂಡು ನೋಡಿದ್ದೇನೆ ನಾನು.
ಬೆಳ್ಳಗೆ, ಗುಂಡಗೆ, ಅಂಗೈಗೆ ಚೆಂದ.
ತೂತಿನ ಬಾಯಲ್ಲಿ ಎಲ್ಲ ಎಳೆಯೂ ತುಂಡು.
ಬೇಸಿನ್ನಿಗೆ ಹಾಕಿದರೆ ನೀರು ಕುಡಿದು ಮುಳುಗುತ್ತದೆ.

ಪೊರೆಯೇ ಅವಳನ್ನು ಕರೆಯಿತೋ
ಅವಳೇ ಹೋಗಿ ಕಚ್ಚಿದಳೋ, ಕೇಳಿದೆ.
"ಎರಡೂ ಇರಬಹುದು. ಪೂರ್ತಿ ಯಾರಿಗೂ ಗೊತ್ತಿಲ್ಲ."
ಗೊತ್ತಿಲ್ಲ ಎಂದ ಮೇಲೆ
ಅವರ ಮೇಲೆ ನನಗೆ ನಂಬಿಕೆ ಬಂತು.
ಮಾತ್ರೆ ದಿನಕ್ಕೆ ಮೂರು, ಊಟಕ್ಕೆ ಮುಂಚೆ.

ಬೇಸಿನ್ನು ಈಗ ಮುನಿರತ್ನಮ್ಮನದು.
ನಾನು ಗೂಡು ಕೊಳ್ಳಲು ಹೋಗುತ್ತೇನೆ.
ಕೊಳ್ಳುವ ಮೊದಲು ಒಂದನ್ನು ಹಿಡಿದು
ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಬೇಕು,
ಒಳಗಿನ ಹುಳ ಗಟ್ಟಿಯಾಗಿದೆಯೋ, ಕರಗಿದೆಯೋ.
ಈಗ ಅಲ್ಲಾಡಿಸುವ ಕಷ್ಟವಿಲ್ಲ.
ಹಿಡಿದರೆ ಸಾಕು.
ಲಟಲಟ, ಲಟಲಟ.
ಒಳಗಿದೆ, ಎನ್ನುತ್ತೇನೆ. ತೂಕಕ್ಕೆ ಹಾಕಿ.